ಅರವತ್ತೊಂದು ದಿನದ ದರ

ಬೈತಖೋಲದಲ್ಲಿ ಐಸು ಕಾರ್ಖಾನೆಯ ಮೇಲ್ಮಹಡಿ.
ಕೆಳಗೆ ಯಂತ್ರ ಸುಮ್ಮನಿದೆ.
ಬೋಟುಗಳು ದಡದಲ್ಲಿ ತಾಡಪತ್ರಿ ಹೊದ್ದು ಮಲಗಿವೆ.
ನನ್ನ ಬುಟ್ಟಿ ಮನೆಯಲ್ಲಿ ಕವುಚಿ ಬಿದ್ದು
ಕೋಳಿಮರಿಗಳಿಗೆ ಗೂಡಾಗಿದೆ.

ಗೋಡೆಗೆ ದರದ ಹಲಗೆ:
ತಿಂಗಳಿಗೆ ಎಂಟುನೂರು,
ಮೂರು ತಿಂಗಳಿಗೆ ಎರಡು ಸಾವಿರದ ನೂರು,
ವರ್ಷದ್ದು ಓದಲಿಲ್ಲ.
ಕೋಚ್ ಪಕ್ಕದಲ್ಲೇ ನಿಲ್ಲಬೇಕಾದರೆ ಬೇರೆ,
ನಾಲ್ಕು ಜನ ಕೂಡಿ ಕಲಿತರೆ ಬೇರೆ.

"ಅರವತ್ತೊಂದು ದಿನಕ್ಕೆ ಎಷ್ಟು?"
ಜುಜೆ ಸಿದ್ದಿ ತಲೆ ಎತ್ತಿದ. ಯಲ್ಲಾಪುರದ ಕಡೆಯವನು,
ಬಾಗಿಲಷ್ಟು ಅಗಲ, ಮಾತು ಮಾತ್ರ ಚಿಲಕದಷ್ಟು.
"ಅಂಥ ದರ ಇಲ್ಲ ಅಕ್ಕಾ."
"ಇಲ್ಲ ಅಂತಲೇ ಕೇಳಿದ್ದು.
ಆಗಸ್ಟಿಗೆ ಬೋಟು ಇಳೀತದೆ, ನಾನು ಬುಟ್ಟಿ ಹೊರಬೇಕು.
ಬಾರದ ತಿಂಗಳಿಗೆ ದುಡ್ಡು ಯಾಕೆ?
ಹಿಡಿಯದ ಮೀನನ್ನ ನಾನು ಮಾರ್ತೇನಾ?"

ಹದಿನಾಲ್ಕು ನೂರಕ್ಕೆ ಇಳಿದ.
ರಿಜಿಸ್ಟರಿನಲ್ಲಿ ಬರೆದ: ತಾರಾಮತಿ ಹರಿಕಂತ್ರ,
ವಯಸ್ಸು ಐವತ್ತೊಂದು, ಉದ್ದೇಶ: ಸೊಂಟ.
"ಮೊದಲ ವಾರ ಬರೀ ಸರಳು."

ಬರೀ ಸರಳು!
ಮೂವತ್ತೆರಡು ವರ್ಷ ಈ ನೆತ್ತಿ ಹೊತ್ತದ್ದು
ಐಸು ಸೇರಿ ಮೂವತ್ತೈದು ಕಿಲೋ,
ಬಾಂಗಡೆ, ತಾರ್ಲೆ, ಸಿಂಬೆ ದಾಟಿ ಸೋರುವ ನೀರು
ಕಿವಿಯ ಹಿಂದಿನಿಂದ ಬೆನ್ನಿಗೆ, ಕಾಜುಬಾಗದ ತನಕ.
ಪಕ್ಕದಲ್ಲಿ ಕಾಲೇಜಿನ ಹುಡುಗ, ಮೀಸೆ ಇನ್ನೂ ಅನುಮಾನ,
ತಟ್ಟೆಯ ಮೇಲೆ ತಟ್ಟೆ ಏರಿಸಿ
ಕನ್ನಡಿಯನ್ನು ಹೆದರಿಸುತ್ತಿದ್ದಾನೆ.

ಸಿಟ್ಟಿನಲ್ಲೇ ಎತ್ತಿದೆ.
"ಸರಿ. ಈಗ ಇಳಿಸು."
ಬಿಟ್ಟೆ. ನೆಲ ಅದುರಿತು.
"ಅದು ಬೀಳಿಸಿದ್ದು. ನಾನು ಇಳಿಸು ಅಂದೆ."

ಇಳಿಸುವುದನ್ನು ಯಾರು ಕಲಿಸಿದ್ದರು ನನಗೆ?
ಬಂದರಿನಲ್ಲಿ ಬುಟ್ಟಿ ಎತ್ತಿಕೊಡಲು ಹತ್ತು ಕೈ.
ಅಂಗಳಗಳಲ್ಲಿ, ಕೈ ನಾರುತ್ತದೆಂದು
ಸೆರಗು ಬಿಗಿದು ದೂರ ನಿಂತವರ ಎದುರು
ಒಬ್ಬಳೇ ಬಗ್ಗಿ, ಒಬ್ಬಳೇ ತಿರುಚಿ,
ಸೊಂಟ ಹೋದದ್ದು ಅಲ್ಲಿ,
ಮೆಟ್ಟಿಲು ಮೆಟ್ಟಿಲಿನಲ್ಲಿ ಸ್ವಲ್ಪ ಸ್ವಲ್ಪ.

"ಹೊಟ್ಟೆಯಲ್ಲಿ ಉಸಿರು ಕಟ್ಟು.
ಮೆಟ್ಟುಗತ್ತಿ ಮೇಲೆ ಕೂರುವಾಗ ಹೇಗೆ,
ಹಾಗೆ ಹಿಂದಕ್ಕೆ ಹೋಗು. ಸರಳು ಕಾಲಿಗೆ ತಾಗಿಯೇ ಇರಲಿ."
ಇಷ್ಟು ಹೇಳಲು ಅವನಿಗೆ ಮೂರು ದಿನ ಬೇಕಾಯಿತು,
ನನಗೆ ತಿಳಿಯಲು ಎರಡು ವಾರ.

ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ
ಕಿಲೋಗಳ ಲೆಕ್ಕ ಇಟ್ಟೆ. ಇಪ್ಪತ್ತು. ಇಪ್ಪತ್ತೈದು.
ಒಂದು ವಾರ ಏನೂ ಏರಲಿಲ್ಲ, ಮಗಳಿಗೆ ಜ್ವರ, ನಿದ್ದೆಯಿಲ್ಲ.
"ಏರಬೇಕೆಂದಿಲ್ಲ," ಅಂದ ಜುಜೆ.
"ವಾರಕ್ಕೆ ಮೂರೇ ದಿನ. ಬಲ ಬೆಳೆಯೋದು ರಜೆಯಲ್ಲಿ."
"ಗೊತ್ತು ಮಾರಾಯಾ," ಅಂದೆ,
"ಮೊಟ್ಟೆ ಇಡುವ ಮೀನಿಗೂ ಸರ್ಕಾರ ಅದನ್ನೇ ಹೇಳ್ತದೆ."

ನೋವು ಬಂದರೆ ನುಂಗಬೇಡ, ಹೇಳು,
ಎಂದೂ ಹೇಳಿದ್ದ. ಆವತ್ತು ಸುಮ್ಮನೆ
ಕಿಟಕಿಯಾಚೆ ಮಳೆ ನೋಡುತ್ತ ನಿಂತೆ.

ಹುಡುಗ ಪುಡಿಯ ಡಬ್ಬಿ ತಂದ, ಕುಡಿದ, ಇನ್ನೆರಡು ತಟ್ಟೆ ಏರಿಸಿದ,
ಮರುದಿನ ಗೋಡೆ ಹಿಡಿದು ಬಂದ.
ಅವನಿಗೆ ಕೂರಲು ಸ್ಟೂಲು ಕೊಟ್ಟೆ,
ಒಂದು ಮುಷ್ಟಿ ಒಣಸಿಗಡಿ ಕೊಟ್ಟೆ,
"ಬರೀ ಸರಳು," ಅಂದೆ. ಪಾಪ, ನಗಲೂ ಆಗಲಿಲ್ಲ ಅವನಿಗೆ.

ಕೊನೆಯ ದಿನ ಐವತ್ತೆರಡು ಕಿಲೋ.
ಎತ್ತಿದ್ದನ್ನು ಯಾರೂ ನೋಡಲಿಲ್ಲ, ಕರೆಂಟು ಹೋಗಿತ್ತು.
ಇಳಿಸಿದ್ದು ಯಾರಿಗೂ ಕೇಳಲಿಲ್ಲ.

ಕೆಳಗೆ ಐಸಿನ ಯಂತ್ರ ಗುರುಗುಟ್ಟಿದೆ ಈಗ.
ಬುಟ್ಟಿ ತೊಳೆದೆ, ಮರಿಗಳು ಬೈದುಕೊಂಡು ಹೋದವು.
ಕಾಜುಬಾಗದ ಆ ಮನೆಯ ಮುಂದೆ
ಉಸಿರು ಕಟ್ಟಿ, ಹಿಂದಕ್ಕೆ ಸರಿದು,
ಬೆನ್ನು ಹಾಗೆಯೇ ಇಟ್ಟು, ಇಳಿಸಿದೆ.

ಸದ್ದೇ ಆಗಲಿಲ್ಲ.
ಒಳಗಿದ್ದವಳು ಬರಲೇ ಇಲ್ಲ.
ಕೂಗಬೇಕಾಯಿತು.